ಮನೆಮಂದಿಯೊಡನೆ ಕಾಡಿಗೆ ಹೊರಟ ಕತೆಗಾರರಿಗೆ

ಆತ್ಮೀಯರೆ,

ದಸರಾ ರಜೆಯಲ್ಲಿ ತಾಯಿ, ಪತ್ನಿ ಮತ್ತು ಮಗಳೊಡನೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಕ್ಯಾತದೇವರ ಗುಡಿಯ ಡೇರೆಗಳಲ್ಲಿ ತಂಗುವಿರೆಂದೂ, ಅಷ್ಟು ಜನರ ನಡುವೆ ಬರವಣಿಗೆಗೆ ಬೇಕಾದ ಏಕಾಂತ ಸಿಕ್ಕೀತೆ ಎಂದೂ ಕೇಳಿದ್ದೀರಿ. ಏಕಾಂತ ಸಿಗುವುದಿಲ್ಲ. ಆದರೂ ಅವರನ್ನು ಬಿಟ್ಟು ಹೋಗಬೇಡಿ, ಏಕೆಂದರೆ ಹಳೆಯ ಕಾಡಿನ ಮುಂದೆ ಒಬ್ಬರ ಕಣ್ಣು, ಒಬ್ಬರ ನೆನಪು ಏನೇನೂ ಸಾಲದು.

ನೀವು ದೂರದ ಬೆಟ್ಟಸಾಲನ್ನು ನೋಡುತ್ತಿರುವಾಗ ನಿಮ್ಮ ಮಗಳು ಆನೆಯ ಲದ್ದಿಯಲ್ಲಿ ಉಳಿದ ಬೀಜಗಳನ್ನೂ ಅದನ್ನು ಉಂಡೆಕಟ್ಟಿ ಉರುಳಿಸುವ ಹುಳುವನ್ನೂ ಕಂಡಿರುತ್ತಾಳೆ. ನಿಮ್ಮ ತಾಯಿ ನೆಲ್ಲಿಯನ್ನೂ ಸೀಗೆಯನ್ನೂ ಗುರುತಿಸಿ, ತಮ್ಮ ತವರಿನಲ್ಲಿ ಅವುಗಳನ್ನು ಯಾವಾಗ ಕೊಯ್ಯುತ್ತಿದ್ದರೆಂದು ಹೇಳಲು ತೊಡಗಿರುತ್ತಾರೆ. ನಿಮ್ಮ ಪತ್ನಿ ಚಿತ್ರ ಬಿಡಿಸುವವರೆಂದು ಬರೆದಿದ್ದೀರಲ್ಲ, ಅವರು ಒಂದು ಮರದ ತೊಗಟೆಯನ್ನು ಕಾಗದಕ್ಕೆ ಇಳಿಸುವಷ್ಟು ಹೊತ್ತೂ ಪಕ್ಕದಲ್ಲಿ ಕುಳಿತಿರಿ: ಬಿರುಕುಗಳು ಉದ್ದಕ್ಕೆ ಸೀಳಿವೆಯೇ, ಅಡ್ಡಕ್ಕೆ ಒಡೆದಿವೆಯೇ, ಪಾಚಿ ಎಲ್ಲಿಂದ ಎಲ್ಲಿಗೆ ಹಬ್ಬಿದೆ ಎಂದು ಕುಂಚ ಹಿಡಿದವರು ತೀರ್ಮಾನಿಸಲೇಬೇಕು, ನಾವಾದರೋ ‘ದಟ್ಟ ಹಸಿರು’ ಎಂದು ಬರೆದು ತಪ್ಪಿಸಿಕೊಳ್ಳುತ್ತೇವೆ.

ರಾತ್ರಿ ಆನೆ ಓಡಾಡುವ ಜಾಗವಾದ್ದರಿಂದ ಕತ್ತಲಾದ ಮೇಲೆ ಡೇರೆ ಬಿಟ್ಟು ಅಲೆಯುವಂತಿಲ್ಲ. ದೀಪ ಆರಿಸಿ, ಎಲ್ಲರೂ ಸುಮ್ಮನೆ ಆಲಿಸಿ. ಕೂಗಿದ್ದು ಕಡವೆಯೋ ಕಾಡುಕುರಿಯೋ ಎಂಬ ವಾದ ಹುಟ್ಟಿದರೆ ನೀವು ತೀರ್ಪು ಕೊಡಬೇಡಿ, ಒಬ್ಬೊಬ್ಬರ ಮಾತನ್ನೂ ಅವರವರ ಧಾಟಿಯಲ್ಲೇ ಬರೆದಿಟ್ಟುಕೊಳ್ಳಿ. ಆ ಭಿನ್ನಾಭಿಪ್ರಾಯವೇ ಕತೆಗೆ ಬೇಕಾದ ಮೊದಲ ಸಾಮಗ್ರಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದಯವಿಟ್ಟು ಆ ಬೆಟ್ಟವನ್ನು ಮನುಷ್ಯರಿಲ್ಲದ ಕಾಡೆಂದು ಬರೆಯಬೇಡಿ. ಅದು ಸೋಲಿಗರೆಂಬ ಕಾಡಿನ ಬುಡಕಟ್ಟು ಜನರ ನೆಲ. ಅವರ ದೊಡ್ಡ ಸಂಪಿಗೆ ಮರ ಇಂದಿಗೂ ಪೂಜೆಗೊಳ್ಳುತ್ತಿದೆ. 1974ರಲ್ಲಿ ವನ್ಯಜೀವಿಧಾಮ ಘೋಷಣೆಯಾದ ಕಾಲದಿಂದ ಅವರ ಬೇಟೆಯೂ ಸ್ಥಳಾಂತರ ಬೇಸಾಯವೂ ನಿಂತು, ಅವರು ಪೋಡುಗಳೆಂಬ ತಮ್ಮ ಹಾಡಿಗಳಲ್ಲಿ ನೆಲೆಯಾಗಬೇಕಾಯಿತು. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅವರ ಸಮುದಾಯ ಅರಣ್ಯ ಹಕ್ಕುಗಳಿಗೂ ಮಾನ್ಯತೆ ದೊರೆಯಿತು. ಒಣಗಿದ ತರಗೆಲೆಗೆ ಹಿಂದಿನವರು ಹಾಕುತ್ತಿದ್ದ ‘ತರಗು ಬೆಂಕಿ’ ನಿಂತುಹೋದದ್ದರಿಂದಲೇ ಲಂಟಾನವೆಂಬ ಹೊರನಾಡಿನ ಕಳೆಪೊದೆ ಹೀಗೆ ಹಬ್ಬಿತೆಂದೂ, ನೆಲ್ಲಿ ಮರಕ್ಕೆ ಬಂದಳಿಕೆ ಹೆಚ್ಚಿತೆಂದೂ ಅಲ್ಲಿನ ಹಿರಿಯರು ಹೇಳುತ್ತಾರೆ. ಜೀಪಿನಿಂದ ಕಾಣುವ ಲಂಟಾನದ ಬಣ್ಣದ ಹೂವುಗಳನ್ನು ವರ್ಣಿಸುವ ಮೊದಲು ಈ ಮಾತನ್ನು ಕೇಳಿಸಿಕೊಂಡ ಬರಹಗಾರರ ವಾಕ್ಯವೇ ಬೇರೆಯಾಗುತ್ತದೆ. ಮಾರ್ಗದರ್ಶಕರಾಗಿ ಸೋಲಿಗರು ಯಾರಾದರೂ ದೊರೆತರೆ ಹುಲಿ ಎಲ್ಲಿದೆಯೆಂಬ ಪ್ರಶ್ನೆಯನ್ನು ಬದಿಗಿಟ್ಟು, ಆ ತಿರುವಿಗೆ, ಆ ಬಂಡೆಗೆ, ಆ ಹಳ್ಳಕ್ಕೆ ಅವರು ಏನೆಂದು ಕರೆಯುತ್ತಾರೆಂದು ವಿಚಾರಿಸಿ. ನಿಮ್ಮ ತಾಯಿಯವರು ಜೊತೆಗಿದ್ದರೆ ಮಾತು ಇನ್ನೂ ಸಲೀಸಾಗಿ ಬೆಳೆದೀತು.

ಅಲ್ಲಿರುವಾಗ ಕತೆ ಬರೆಯುವ ಆತುರ ಬೇಡ, ಟಿಪ್ಪಣಿ ಸಾಕು. ಮನೆಗೆ ಮರಳಿ ಕೆಲವು ವಾರ ಕಳೆದ ಮೇಲೆ, ಟಿಪ್ಪಣಿ ತೆರೆಯದೆಯೇ ಅವರು ಮೂವರಿಗೂ ಏನೇನು ನೆನಪಿದೆಯೆಂದು ಕೇಳಿ, ಆಮೇಲೆ ಬರೆಯಲು ಕುಳಿತುಕೊಳ್ಳಿ. ಮೊದಲ ಕರಡನ್ನು ನನಗೆ ಕಳುಹಿಸುವಾಗ ನಿಮ್ಮ ಪತ್ನಿ ಬಿಡಿಸಿದ ಚಿತ್ರಗಳನ್ನೂ ಜೊತೆಗಿಡಿ. ಎರಡನ್ನೂ ಒಟ್ಟಿಗೆ ನೋಡಿಯೇ ಉತ್ತರ ಬರೆಯುತ್ತೇನೆ.

ನಿಮ್ಮ ಹಿತೈಷಿ