ಪ್ರಬಂಧ ಹಂಚುವ ಮುನ್ನ

ಗೆಳೆಯರೇ, ಗಣಿತ, ಪರಿಸರ, ರಾಜಕೀಯ, ಶಿಕ್ಷಣ ಎಲ್ಲದರ ಸಂಶೋಧನಾ ಪ್ರಬಂಧಗಳೂ ಇಲ್ಲಿ ಬರುತ್ತಿವೆ, ತುಂಬಾ ಖುಷಿ. ಆದರೆ ಸುಮ್ನೆ ಪಿಡಿಎಫ್ ಹಾಕಬೇಡಿ. ಸಂಶೋಧನಾ ಪತ್ರಿಕೆಯಲ್ಲಿ ಬಂದದ್ದೋ, ಇನ್ನೂ ತಜ್ಞರ ವಿಮರ್ಶೆ ಆಗದ ಪ್ರಿಪ್ರಿಂಟೋ ಅಂತ ಒಂದು ಸಾಲು ಬರೆಯಿರಿ.

ಪ್ರಿಪ್ರಿಂಟ್ ಅಂದ ಕೂಡಲೇ ತಳ್ಳಿಹಾಕಬೇಕಿಲ್ಲ. ರಷ್ಯಾದ ಗಣಿತಜ್ಞ ಪೆರೆಲ್ಮಾನ್ 2002-03ರಲ್ಲಿ ಪ್ವಾಂಕರೆ ಊಹೆ ಅನ್ನೋ ಗಣಿತದ ಹಳೇ ಕಠಿಣ ಸಮಸ್ಯೆಯ ಪುರಾವೆಯನ್ನು ಪ್ರಿಪ್ರಿಂಟ್‌ಗಳನ್ನು ಹಾಕುವ ಆರ್ಕೈವ್ (arXiv) ತಾಣದಲ್ಲಷ್ಟೇ ಹಾಕಿದರು. ಬೇರೆ ಗಣಿತಜ್ಞರು ವರ್ಷಗಟ್ಟಲೆ ಕೂತು ಒಂದೊಂದೇ ಹೆಜ್ಜೆ ಪರಿಶೀಲಿಸಿ ಒಪ್ಪಿದರು. ಗಣಿತದಲ್ಲಿ ಪುರಾವೆ ಹಾಳೆಯ ಮೇಲೇ ಇರುತ್ತದೆ. ಶಿಕ್ಷಣ, ರಾಜಕೀಯದ ಸಮೀಕ್ಷೆಗಳು ಹಾಗಲ್ಲ ಅಲ್ವಾ? ಎಷ್ಟು ಜನರನ್ನು ಕೇಳಿದರು, ಅವರನ್ನು ಹೇಗೆ ಆರಿಸಿದರು ಅನ್ನೋದರ ಮೇಲೆಯೇ ಎಲ್ಲ ನಿಂತಿದೆ. ಆ ಭಾಗ ಓದಿಯೇ ಹಂಚಿ.

ಪರಿಸರದ್ದಾದರೆ ಅಳತೆ ಎಷ್ಟು ವರ್ಷದ್ದು ಅಂತ ನೋಡಿ. 1985ರಲ್ಲಿ ಅಂಟಾರ್ಕ್ಟಿಕಾದ ಓಝೋನ್ ರಂಧ್ರ ಗೊತ್ತಾದದ್ದು ದಶಕಗಳ ಅಳತೆಯಿಂದ. ಡಿಒಐ (ಪ್ರಬಂಧವನ್ನು ಆನ್‌ಲೈನ್‌ನಲ್ಲಿ ಹುಡುಕಲು ಕೊಡುವ ಶಾಶ್ವತ ಗುರುತು) ಇದ್ದರೆ ಮರೀದೆ ಹಾಕಿ.