ಕೀಲುನೋವಿನ ಕೈಪಿಡಿ ಅಚ್ಚಾಯಿತು, ಜೊತೆಗೆ ನಿಂತವರಿಗೆ ನಮಸ್ಕಾರ

ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ ಇರುವವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಎಂದು ಸಿದ್ಧಪಡಿಸುತ್ತಿದ್ದ ಕನ್ನಡ ಕೈಪಿಡಿ ಕೊನೆಗೂ ಅಚ್ಚಾಗಿ ಬಂದಿದೆ. ವಿಷಯ ಚಿಕ್ಕದು: ಔಷಧ ತಪ್ಪದೆ ನಡೆಯುತ್ತಿರುವಾಗಲೂ ಇದ್ದಕ್ಕಿದ್ದಂತೆ ಕೀಲು ಊದಿಕೊಂಡು ನೋವು ಎದ್ದರೆ ಮೊದಲ ಎರಡು ಮೂರು ದಿನ ಏನು ಮಾಡಬೇಕು, ಏನು ಮಾಡಬಾರದು. ಡಾಕ್ಟರು ಇದನ್ನು ಫ್ಲೇರ್ ಎನ್ನುತ್ತಾರೆ. ಮನೆಯಲ್ಲಾದರೆ ‘ಮತ್ತೆ ಎದ್ದಿದೆ’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ನೆರವಾದವರಲ್ಲಿ ಬಹಳ ಜನ ಹೆಸರು ಹಾಕಬೇಡಿ ಎಂದಿದ್ದಾರೆ. ಹಾಗಾಗಿ ಯಾರು ಏನು ಹೇಳಿಕೊಟ್ಟರು ಎಂಬುದನ್ನೇ ಬರೆದು ಋಣ ಒಪ್ಪಿಕೊಳ್ಳುತ್ತಿದ್ದೇವೆ. ಕೈಪಿಡಿ ಸಿಗದವರಿಗೂ ಉಪಯೋಗಕ್ಕೆ ಬಂದೀತು.

ಮೊದಲ ನಮಸ್ಕಾರ ಕೀಲುರೋಗ ತಜ್ಞೆಗೆ. ನೋವು ಇಳಿಸುವುದು ಹೇಗೆ ಎಂಬಲ್ಲಿಂದ ಕೈಪಿಡಿ ಶುರುವಾಗಬಾರದು, ‘ಇದು ಫ್ಲೇರೇ ಹೌದಾ’ ಎಂಬಲ್ಲಿಂದ ಶುರುವಾಗಬೇಕು ಎಂದು ಪಟ್ಟು ಹಿಡಿದವರು ಅವರು. ಫ್ಲೇರ್ ಸಾಮಾನ್ಯವಾಗಿ ಹಳೆಯ ಜಾಗಗಳಲ್ಲೇ ಏಳುತ್ತದೆ: ಬೆರಳುಗಳ ಬುಡದ ಗೆಣ್ಣು, ಮಣಿಕಟ್ಟು, ಮಂಡಿ, ಪಾದದ ಮುಂಭಾಗ. ಹೆಚ್ಚಾಗಿ ಎರಡೂ ಕಡೆ ಕಾಣಿಸುತ್ತದೆ. ಬೆಳಿಗ್ಗೆಯ ಬಿಗಿತ ಒಂದು ಗಂಟೆ ದಾಟಿದರೂ ಬಿಡುವುದಿಲ್ಲ, ಮೈಯೆಲ್ಲ ಸುಸ್ತು. ಹಾಗಲ್ಲದೆ ಒಂದೇ ಒಂದು ಕೀಲು ಕೆಂಪಾಗಿ, ಬಿಸಿಯಾಗಿ, ಚೂರು ಅಲುಗಿಸಲೂ ಆಗದಂತಿದ್ದರೆ, ಜೊತೆಗೆ ಚಳಿಜ್ವರವಿದ್ದರೆ, ಅದನ್ನು ಕೀಲಿನೊಳಗಿನ ಸೋಂಕು ಎಂದೇ ಎಣಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೀವು ತುಂಬಿದ ಕೀಲಿನ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಅಲ್ಲಿ ಸೂಜಿಯಿಂದ ಕೀಲಿನ ನೀರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅದಕ್ಕೆ ಮೊದಲೇ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗಿದ್ದರೆ ಯಾವ ರೋಗಾಣು ಎಂದು ಪತ್ತೆಯಾಗದೆ ಹೋಗಬಹುದು. ಸ್ಟಿರಾಯ್ಡ್ ನಡೆಯುತ್ತಿರುವವರಿಗೆ ಸೋಂಕಿದ್ದರೂ ಜ್ವರ ಕಾಣದಿರಬಹುದು ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೂ ಅವರೇ. ಮಂಡಿ ಊದಿದ್ದವರಿಗೆ ಇದ್ದಕ್ಕಿದ್ದಂತೆ ಮೀನಖಂಡ ಊದಿ ನೋವು ಬಂದರೆ ಅದೂ ತೋರಿಸಬೇಕಾದದ್ದೇ. ಮಂಡಿಯ ಹಿಂದಿನ ನೀರಿನ ಚೀಲ ಒಡೆದಿರಬಹುದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಲೂಬಹುದು. ಹೊರಗಿನಿಂದ ನೋಡಿ ಎರಡನ್ನೂ ಬೇರೆ ಮಾಡಲಾಗದು, ಸ್ಕ್ಯಾನ್ ಬೇಕು.

ಮಳೆಗಾಲದ ಪುಟಕ್ಕಾಗಿ ತಾಲ್ಲೂಕು ಮಟ್ಟದ ಆಶಾ ಕಾರ್ಯಕರ್ತೆಯರಿಗೆ ಕೈ ಮುಗಿಯುತ್ತೇವೆ. 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯ ಹಬ್ಬಿದ್ದನ್ನು ಕಂಡ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಜ್ವರ ಇಳಿದ ಮೇಲೂ ಕೀಲುನೋವು ತಿಂಗಳುಗಟ್ಟಲೆ ಉಳಿಯುತ್ತದೆ, ನೋಡಲಿಕ್ಕೆ ಥೇಟ್ ಸಂಧಿವಾತವೇ. ಡೆಂಗಿಯಲ್ಲೂ ಮೈಕೈ ಮುರಿಯುತ್ತದೆ. ಜ್ವರದ ಜೊತೆ ಬಂದ ಕೀಲುನೋವಿಗೆ, ಡೆಂಗಿ ಅಲ್ಲ ಎಂದು ಖಚಿತವಾಗುವ ತನಕ, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಗಳನ್ನು ಮುಟ್ಟಬಾರದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ, ಈ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಅಲ್ಲಿಯವರೆಗೆ ಪ್ಯಾರಸಿಟಮಾಲ್ ಮಾತ್ರ. ಡೆಂಗಿ ಪತ್ತೆಗೆ ಜ್ವರದ ಮೊದಲ ಐದು ದಿನಗಳಲ್ಲಿ ಎನ್‌ಎಸ್‌1 ರಕ್ತಪರೀಕ್ಷೆ, ಆಮೇಲಾದರೆ ಐಜಿಎಂ.

ಎಲ್ಲರಿಗಿಂತ ಹೆಚ್ಚು ತಿದ್ದಿದವರು ಔಷಧ ಅಂಗಡಿಯ ಒಬ್ಬ ಫಾರ್ಮಸಿಸ್ಟ್. ಈ ಕಾಯಿಲೆಯ ಮುಖ್ಯ ಔಷಧವಾದ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ, ದಿನಾ ಅಲ್ಲ. ಇದು ಗೊತ್ತಿದ್ದವರೂ ಎಡವುವುದು ಫ್ಲೇರ್ ಬಂದಾಗಲೇ: ನೋವು ಜಾಸ್ತಿಯಾಗಿದೆ, ಇನ್ನೊಂದು ನುಂಗೋಣ ಎಂಬ ಯೋಚನೆ. ಅದರಿಂದ ಪ್ರಯೋಜನ ಇಲ್ಲವೇ ಇಲ್ಲ, ಏಕೆಂದರೆ ಆ ಔಷಧದ ಪರಿಣಾಮ ಕಾಣಲು 6ರಿಂದ 12 ವಾರ ಬೇಕು. ಅಪಾಯ ಮಾತ್ರ ತಕ್ಷಣದ್ದು. ಬಾಯಿ ಹುಣ್ಣು, ಗಂಟಲು ನೋವು, ಜ್ವರ, ಚರ್ಮದ ಕೆಳಗೆ ರಕ್ತದ ಚುಕ್ಕೆ ಕಂಡರೆ ರಕ್ತಕಣಗಳು ಕುಸಿಯುತ್ತಿವೆ ಎಂದು ತಿಳಿದು ಓಡಬೇಕು. ಆಸ್ಪತ್ರೆಯಲ್ಲಿ ಇದಕ್ಕೆ ಲ್ಯೂಕೊವೊರಿನ್ ಎಂಬ ಮದ್ದಿದೆ. ಬೇಧಿ, ವಾಂತಿಯಾಗಿ ಮೈಯಲ್ಲಿ ನೀರು ಕಡಿಮೆಯಾದ ವಾರ, ಅಥವಾ ಆ್ಯಂಟಿಬಯಾಟಿಕ್ ಬೇಕಾಗುವಂಥ ಜ್ವರ ಬಂದ ವಾರ, ಆ ವಾರದ ಡೋಸ್ ನಿಲ್ಲಿಸಬೇಕೇ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಮೆಥೊಟ್ರೆಕ್ಸೇಟ್ ಹೊರಹೋಗುವುದು ಮೂತ್ರಪಿಂಡದ ಮೂಲಕ, ಅದು ಬಳಲಿದ್ದರೆ ಮಾಮೂಲಿ ಡೋಸೇ ಹೆಚ್ಚಾಗಿಬಿಡುತ್ತದೆ. ಉರಿಮೂತ್ರಕ್ಕೆಂದು ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ಬರೆದುಕೊಟ್ಟರೆ ‘ನಾನು ಮೆಥೊಟ್ರೆಕ್ಸೇಟ್ ತಗೊಳ್ತೀನಿ’ ಎಂದು ಅಲ್ಲೇ ಹೇಳಬೇಕು, ಇವೆರಡೂ ಕೂಡಬಾರದ ಜೋಡಿ.

ನೋವಿನ ಮಾತ್ರೆಯ ಲೆಕ್ಕವೂ ಅವರದೇ. ನಮ್ಮಲ್ಲಿ ಸಿಗುವ ಎಷ್ಟೋ ನೋವಿನ ಮಾತ್ರೆಗಳಲ್ಲಿ ಅಸೆಕ್ಲೋಫೆನಾಕ್ 100 ಮಿಲಿಗ್ರಾಂ ಜೊತೆ ಪ್ಯಾರಸಿಟಮಾಲ್ 325 ಸೇರಿರುತ್ತದೆ. ಅದನ್ನು ದಿನಕ್ಕೆ ಎರಡು ನುಂಗಿ, ಜ್ವರ ಇದ್ದ ಹಾಗಿದೆ ಎಂದು 650ರ ಪ್ಯಾರಸಿಟಮಾಲ್ ನಾಲ್ಕು ನುಂಗಿದರೆ 3,250 ಮಿಲಿಗ್ರಾಂ ಆಯಿತು. ಆರೋಗ್ಯವಂತ ದೊಡ್ಡವರಿಗೇ ದಿನದ ಮಿತಿ 4,000. ಮೆಥೊಟ್ರೆಕ್ಸೇಟ್‌ನಿಂದ ಯಕೃತ್ತಿಗೆ ಆಗಲೇ ಕೆಲಸ ಹೆಚ್ಚಿರುವವರಿಗೆ ಡಾಕ್ಟರು ಇನ್ನೂ ಕಡಿಮೆ ಹೇಳುತ್ತಾರೆ. ಇನ್ನು ಮನೆಯಲ್ಲಿ ಅಸೆಕ್ಲೋಫೆನಾಕ್ ನುಂಗಿಕೊಂಡೇ ಹೋಗಿ ಕ್ಲಿನಿಕ್ಕಿನಲ್ಲಿ ಡೈಕ್ಲೋಫೆನಾಕ್ ಸೂಜಿ ಹಾಕಿಸಿಕೊಳ್ಳುವುದು ಒಂದೇ ಜಾತಿಯ ಮದ್ದನ್ನು ಎರಡು ಪಾಲು ತಗೊಂಡಂತೆ. ನೋವು ಎರಡು ಪಾಲು ಇಳಿಯುವುದಿಲ್ಲ, ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ಏಟು ಮಾತ್ರ ಜಾಸ್ತಿ. ಮಲ ಟಾರಿನಂತೆ ಕಪ್ಪಗಾದರೆ ಒಳಗೆ ರಕ್ತ ಹೋಗುತ್ತಿದೆ ಎಂದರ್ಥ.

ಸ್ಟಿರಾಯ್ಡ್ ಬಗ್ಗೆ ಬರೆಯುವುದು ಕಷ್ಟವಾಗಿತ್ತು, ಹೆದರಿಸಿದರೂ ತಪ್ಪು, ಹೊಗಳಿದರೂ ತಪ್ಪು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತಕ್ಕೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. 1950ರಲ್ಲೇ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ದೀರ್ಘಕಾಲ ಕೊಟ್ಟರೆ ಏನಾಗುತ್ತದೆ ಎಂಬುದು ನಿಧಾನವಾಗಿ ಅರಿವಿಗೆ ಬಂತು. ಫ್ಲೇರ್‌ಗೆ ಡಾಕ್ಟರು ಬರೆದುಕೊಡುವ ಪ್ರೆಡ್ನಿಸೊಲೋನ್ ಸೇತುವೆಯಿದ್ದ ಹಾಗೆ, ಮುಖ್ಯ ಔಷಧ ಹಿಡಿತಕ್ಕೆ ಬರುವ ತನಕ ದಾಟಿಸಲಿಕ್ಕೆ. ಬೆಳಿಗ್ಗೆ ತಿಂಡಿಯಾದ ಮೇಲೆ, ಬರೆದುಕೊಟ್ಟಷ್ಟೇ ದಿನ. ಮೂರು ವಾರಕ್ಕಿಂತ ಹೆಚ್ಚು ನಡೆದಿದ್ದರೆ ತಟ್ಟನೆ ನಿಲ್ಲಿಸಬಾರದು. ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ವಾಂತಿ, ತಲೆಸುತ್ತು, ಬಿಪಿ ಕುಸಿತ ಬರಬಹುದು. ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು ಹೇಳಿದ ಡಯಾಬಿಟಿಸ್ ಸಿಸ್ಟರ್‌ಗೆ ವಿಶೇಷ ಧನ್ಯವಾದ: ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಸಕ್ಕರೆ ಏರಿಸುವುದು ಮಧ್ಯಾಹ್ನದ ಊಟದ ಮೇಲೆ, ಸಂಜೆಗೆ. ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ನೋಡಿ ‘ಸರಿ ಇದೆ’ ಎಂದುಕೊಂಡರೆ ಮೋಸ ಹೋಗುತ್ತೀರಿ.

ಇಲ್ಲೇ ಒಬ್ಬ ಆಯುರ್ವೇದ ವೈದ್ಯೆಯ ಉಪಕಾರವನ್ನೂ ನೆನೆಯಬೇಕು. ಹೆಸರಿಲ್ಲದ, ಬ್ಯಾಚ್ ನಂಬರಿಲ್ಲದ ಪೊಟ್ಟಣದ ಪುಡಿ ತಿಂದು ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿದ್ದಾರೆಂದು ಅನುಮಾನಿಸಿ ಎಂದು ನೇರವಾಗಿ ಬರೆದುಕೊಟ್ಟವರು ಅವರು. ಅಂಥ ಪುಡಿಯನ್ನು ತಿಂಗಳುಗಟ್ಟಲೆ ತಿಂದಿದ್ದರೆ ಅದನ್ನೂ ಏಕಾಏಕಿ ಬಿಡದೆ, ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ.

ಫಿಸಿಯೋಥೆರಪಿಸ್ಟ್ ಇಬ್ಬರು ಕೊಟ್ಟ ಸಮಯಕ್ಕೆ ಬೆಲೆ ಕಟ್ಟಲಾಗದು. ಊದಿ ಬಿಸಿಯಾದ ಕೀಲಿಗೆ ತಂಪು, ಬರೀ ಬಿಗಿತಕ್ಕೆ ಬಿಸಿ. ಐಸ್ ಪ್ಯಾಕನ್ನು ತೆಳು ಟವೆಲಿನಲ್ಲಿ ಸುತ್ತಿ 15 ನಿಮಿಷ ಇಟ್ಟು ತೆಗೆಯಬೇಕು. ಚಳಿಗೆ ಬೆರಳು ಬೆಳ್ಳಗೆ, ನೀಲಿಗೆ ತಿರುಗುವವರಿಗೆ ತಂಪು ಬೇಡ. ನೋವಿನ ಮುಲಾಮು ಹಚ್ಚಿ ಅದರ ಮೇಲೆ ಹಾಟ್ ಬ್ಯಾಗ್ ಇಡುವುದು ನಮ್ಮಲ್ಲಿ ಮಾಮೂಲು, ಚರ್ಮ ಸುಡುವುದೂ ಹಾಗೆಯೇ. ಊದಿದ ಕೀಲನ್ನು ಎಣ್ಣೆ ಹಾಕಿ ಬಲವಾಗಿ ತಿಕ್ಕುವುದು ಬೇಡ. ಮಣಿಕಟ್ಟಿನ ಪಟ್ಟಿ ಕಟ್ಟಿದರೆ ಕೈ ಒಂಚೂರು ಮೇಲಕ್ಕೆ ಎತ್ತಿದ ಭಂಗಿಯಲ್ಲಿರಲಿ, ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲವಿರಲಿ, ದಿನದಲ್ಲಿ ಹಲವು ಸಲ ಬಿಚ್ಚಿ ಕೈ ಆಡಿಸಿ.

ಅವರು ಕೊಟ್ಟದ್ದರಲ್ಲಿ ನಮಗೆ ಅತಿ ಮುಖ್ಯವೆನಿಸಿದ್ದು ಮಂಡಿಯ ಕೆಳಗಿನ ದಿಂಬಿನ ಮಾತು. ಮಂಡಿ ಊದಿದಾಗ ಅದನ್ನು ಮಡಿಸಿಟ್ಟರೆ ಹಾಯೆನಿಸುತ್ತದೆ, ಏಕೆಂದರೆ ಅರ್ಧ ಮಡಿಸಿದ ಕೀಲಿನಲ್ಲಿ ನೀರಿಗೆ ಜಾಗ ಹೆಚ್ಚು. ಮನೆಯವರು ಪ್ರೀತಿಯಿಂದ ದಿಂಬು ಇಡುತ್ತಾರೆ, ರಾತ್ರಿಯಿಡೀ ಅದು ಅಲ್ಲೇ ಇರುತ್ತದೆ. ಹೀಗೇ ಮುಂದುವರಿದರೆ ಹಿಂದಿನ ಸ್ನಾಯು, ಪೊರೆಗಳು ಕುಗ್ಗಿ, ಊತ ಇಳಿದ ಮೇಲೂ ಕಾಲು ನೆಟ್ಟಗಾಗುವುದಿಲ್ಲ. ದಿಂಬು ಬೇಕೇ ಬೇಕೆಂದರೆ ಹಿಮ್ಮಡಿಯ ಕೆಳಗೆ, ಸ್ವಲ್ಪ ಹೊತ್ತು. ಮಂಡಿ ತನ್ನ ಭಾರಕ್ಕೆ ತಾನೇ ನೇರವಾಗಲಿ. ಫ್ಲೇರ್ ಇದ್ದಾಗಲೂ ಪ್ರತಿ ಕೀಲನ್ನು ದಿನಕ್ಕೆರಡು ಸಲ, ಬಿಸಿನೀರಿನ ಸ್ನಾನವಾದ ಮೇಲೆ, ಹೋಗುವಷ್ಟು ದೂರ ಮಾತ್ರ ಮೆಲ್ಲಗೆ ಮೂರ್ನಾಲ್ಕು ಬಾರಿ ಆಡಿಸಬೇಕು. ವ್ಯಾಯಾಮ ಮುಗಿದು ಎರಡು ಗಂಟೆಯಾದರೂ ನೋವು ಮೊದಲಿಗಿಂತ ಹೆಚ್ಚಿದ್ದರೆ ಮಾರನೆಯ ದಿನ ಅಷ್ಟು ಬೇಡ.

ಅಡುಗೆಮನೆಯ ಪುಟಗಳನ್ನು ಬರೆದವರು ಈ ಕಾಯಿಲೆಯನ್ನು ಹೊತ್ತುಕೊಂಡೇ ಮನೆ ನಡೆಸುವ ಹೆಂಗಸರು. ಮುದ್ದೆ ತೊಳಸುವುದು ಮಣಿಕಟ್ಟಿಗೆ ಎಷ್ಟು ಕೆಟ್ಟದ್ದು ಎಂದು ಬೇರೆ ಭಾಷೆಯ ಯಾವ ಪುಸ್ತಕ ಹೇಳೀತು? ಕೋಲನ್ನು ಬೆರಳುಗಳು ಬಿಗಿ ಹಿಡಿದಿರುತ್ತವೆ, ಗಟ್ಟಿ ಹಿಟ್ಟಿನ ವಿರುದ್ಧ ಮಣಿಕಟ್ಟು ತಿರುಚುತ್ತದೆ. ಊದಿದ ಕೀಲಿಗೆ ಬೇಡವಾದದ್ದೆಲ್ಲ ಒಂದೇ ಕೆಲಸದಲ್ಲಿ. ಫ್ಲೇರ್ ದಿನಗಳಲ್ಲಿ ಕೋಲು ಬೇರೆಯವರ ಕೈಗೆ ಹೋಗಲಿ, ಇಲ್ಲವೇ ರಾಗಿ ಅಂಬಲಿಯಾಗಲಿ. ಚಾಕು, ಸೌಟಿನ ಹಿಡಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ಮೂರು ಸೆಂಟಿಮೀಟರಿನಷ್ಟು ದಪ್ಪ ಮಾಡಿದರೆ ಬೆರಳುಗಳು ಅಷ್ಟು ಬಿಗಿಯಾಗಿ ಮಡಿಯಬೇಕಿಲ್ಲ. ತುಂಬಿದ ಕುಕ್ಕರ್ ಎತ್ತುವ ಬದಲು ಒಲೆಯ ಮೇಲಿಂದಲೇ ಸೌಟಿನಲ್ಲಿ ಬಡಿಸಿ. ಅನ್ನ ಬಸಿಯುವುದು ಬಿಟ್ಟು ಅಳತೆ ನೀರಿನಲ್ಲಿ ಮಾಡಿ. ಪಾತ್ರೆಯನ್ನು ಬೆರಳ ತುದಿಯಲ್ಲಿ ಹಿಡಿಯದೆ ಎರಡೂ ಅಂಗೈಯಲ್ಲಿ ಹೊರಿ. ಬಟ್ಟೆ ಹಿಂಡುವ ಕೆಲಸ ಪೂರ್ತಿ ಬಿಡಿ, ನೀರು ಸೋರುತ್ತಿರುವಂತೆಯೇ ಹರವಿದರೂ ಒಣಗುತ್ತದೆ. ಈಳಿಗೆ ಮಣೆ, ತುರಿಯುವ ಮಣೆ ಎರಡಕ್ಕೂ ನೆಲದ ಮೇಲೆ ಕೂರಬೇಕು. ಮಂಡಿ ಊದಿದಾಗ ಅವು ಅಟ್ಟಕ್ಕೆ ಹೋಗಲಿ.

ಲ್ಯಾಬ್ ಟೆಕ್ನಿಷಿಯನ್ ಹೇಳಿದ್ದು ಚುಟುಕಾಗಿ. ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆಗಳಲ್ಲಿ ಸಿಆರ್‌ಪಿ ಒಂದೆರಡು ದಿನದಲ್ಲಿ ಏರಿಳಿಯುತ್ತದೆ, ಇಎಸ್‌ಆರ್ ನಿಧಾನ. ಇಎಸ್‌ಆರ್ ರಕ್ತಹೀನತೆಗೂ ವಯಸ್ಸಿಗೂ ಏರುತ್ತದೆ: ಹೆಂಗಸರಿಗೆ ವಯಸ್ಸಿಗೆ ಹತ್ತು ಸೇರಿಸಿ ಅರ್ಧ ಮಾಡಿದರೆ ಸುಮಾರು ಮೇಲ್ಮಿತಿ, ಅರವತ್ತರ ಅಜ್ಜಿಗೆ 35. ಕಾಯಿಲೆ ಗುರುತಿಸಲು ಮಾಡುವ ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಪರೀಕ್ಷೆಗಳು ಒಮ್ಮೆ ಆಗಿದ್ದರೆ ಪ್ರತಿ ಫ್ಲೇರ್‌ಗೂ ದುಡ್ಡು ಸುರಿಯಬೇಡಿ. ಅದರ ಬದಲು ರಕ್ತಕಣಗಳ ಎಣಿಕೆ, ಯಕೃತ್ತಿನ ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಮಾಡಿಸಿಕೊಂಡು ಹೋದರೆ ಡಾಕ್ಟರಿಗೆ ಅಂದೇ ಔಷಧ ಬದಲಿಸಲು ದಾರಿಯಾಗುತ್ತದೆ. ಡಾಕ್ಟರು ಕೀಲುಗಳನ್ನು ಒತ್ತಿ ನೋಡಿ ಹಾಕುವ 28 ಕೀಲುಗಳ ಲೆಕ್ಕದಲ್ಲಿ ಪಾದ, ಹರಡು ಇಲ್ಲ. ನೋವು ಪಾದದಲ್ಲಿದ್ದರೆ ನೀವೇ ಚಪ್ಪಲಿ ಬಿಟ್ಟು ತೋರಿಸಿ.

ಕುತ್ತಿಗೆಯ ಪುಟ ಓದಿ ತನ್ನ ಅಂಗಡಿಯಲ್ಲಿ ಗಿರಾಕಿಗಳಿಗೆ ನೆಟಿಗೆ ಮುರಿಯುವುದನ್ನೇ ನಿಲ್ಲಿಸಿದ ಕ್ಷೌರಿಕ ಅಣ್ಣನಿಗೆ ದೊಡ್ಡ ನಮಸ್ಕಾರ. ಹಳೆಯ ಸಂಧಿವಾತದಲ್ಲಿ ಕತ್ತಿನ ಮೊದಲೆರಡು ಮೂಳೆಗಳ ನಡುವಿನ ಕಟ್ಟು ಸಡಿಲವಾಗಿರಬಹುದು, ಒಂದು ತಿರುವಿಗೆ ಬೆನ್ನುಹುರಿಗೆ ಪೆಟ್ಟಾದೀತು. ತಲೆಯ ಹಿಂಭಾಗದಲ್ಲಿ ನೋವು, ಕೈ ಜೋಮು, ನಡಿಗೆ ತಪ್ಪುವುದು ಕಂಡರೆ ಎಕ್ಸ್‌ರೇ ಆಗಬೇಕು. ಯಾವುದೇ ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರಿಗೂ ಇದನ್ನು ಹೇಳಬೇಕು.

ಕೊನೆಯ ಪುಟದ ಚೀಟಿಯನ್ನು ಕಾಸು ತೆಗೆದುಕೊಳ್ಳದೆ ಲ್ಯಾಮಿನೇಟ್ ಮಾಡಿಕೊಟ್ಟ ಜೆರಾಕ್ಸ್ ಅಂಗಡಿಯವರಿಗೆ ಎಲ್ಲರ ಪರವಾಗಿ ಧನ್ಯವಾದ. ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ವಾರದ ಯಾವ ದಿನ, ಅದರ ಜೊತೆ ಬರೆದುಕೊಡುವ ಫೋಲಿಕ್ ಆಸಿಡ್ ಯಾವ ದಿನ, ಸ್ಟಿರಾಯ್ಡ್ ಎಷ್ಟು ಮಿಲಿಗ್ರಾಂ, ಯಾವ ಮದ್ದು ಆಗಿಬರುವುದಿಲ್ಲ, ಕತ್ತಿನ ತೊಂದರೆ ಇದೆಯೇ, ಯಾರಿಗೆ ಫೋನ್ ಮಾಡಬೇಕು ಎಂಬ ಖಾಲಿ ಮನೆಗಳಿವೆ. ದಿನದ ಹೆಸರನ್ನು ಪೂರ್ತಿ ಬರೆಯಿರಿ, ‘ಸೋ’, ‘ಶು’ ಎಂದು ಚುಟುಕು ಮಾಡಬೇಡಿ. ತುಂಬಿಸುವಾಗ ಮಾರ್ಕರ್ ಪೆನ್ ಬಳಸಿ, ಡೋಸ್ ಬದಲಾದರೆ ಸ್ಯಾನಿಟೈಸರ್ ಹಚ್ಚಿ ಒರೆಸಿ ಮತ್ತೆ ಬರೆಯಬಹುದು.