ಕಿತ್ತವರನ್ನೇ ಗೇಟಿನಲ್ಲಿ ತಡೆದರೆ ಲಂಟಾನ ಮತ್ತೆ ಏಳದೇ?

ಮಾನ್ಯರೇ,

ನಮ್ಮ ಕಾಡಿನಲ್ಲಿ ಲಂಟಾನ ಎಂಬ ಮುಳ್ಳುಪೊದೆಯ ಕಳೆ ತೆರವು ಮಾಡಿದ ಬಗ್ಗೆ ಮಂಗಳವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಫೋಟೊಗೆ ನಿಂತ ಅರಣ್ಯ ಇಲಾಖೆಯವರ ಹಿಂದೆ ಕಾಣುವ ಆ ಬಯಲಿನಲ್ಲಿ ಲಂಟಾನ ಕಿತ್ತಿದ್ದು ಪೋಡಿನವರು, ಅಂದರೆ ಕಾಡಿನ ಸೋಲಿಗ ಹಾಡಿಯವರು, ಮತ್ತು ನಮ್ಮ ಊರಿನ ಸಂಘದ ಹೆಂಗಸರು. ವರದಿಯಲ್ಲಿ ನಮ್ಮ ಸುದ್ದಿಯೇ ಇಲ್ಲ. ಹೋಗಲಿ, ಹೆಸರಿಗಾಗಿ ಯಾರೂ ಕೀಳಲಿಲ್ಲ. ಆದರೆ ಅದಕ್ಕೆ ಮೂರು ದಿನ ಮೊದಲು, ಶನಿವಾರ, ಅದೇ ಜಾಗಕ್ಕೆ ಹೊರಟ ನಮ್ಮನ್ನು ಗೇಟಿನಲ್ಲೇ ನಿಲ್ಲಿಸಿದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಬೆಳಿಗ್ಗೆ ಏಳಕ್ಕೆ ಹೋದೆವು, ಇಪ್ಪತ್ಮೂರು ಜನ. ಟೆಂಪೊ ಬಾಡಿಗೆ ನಾವೇ ಕೂಡಿಸಿ ಕೊಟ್ಟಿದ್ದೆವು. ಜೊತೆಗೆ ನಾಲ್ಕು ಚೀಲ ಹುಲ್ಲಿನ ಬೀಜ. ಗೇಟಿನಲ್ಲಿದ್ದ ಹುಡುಗ, "ಹೋದ ವರ್ಷದ ಅನುಮತಿ ಮುಗಿದಿದೆ ಅಕ್ಕ, ಹೊಸ ಸಾಹೇಬರು ಯಾರನ್ನೂ ಬಿಡಬೇಡ ಅಂದಿದ್ದಾರೆ" ಎಂದ. ಪಾಪ, ಅವನದೇನು ತಪ್ಪು? ಎರಡೂವರೆ ಗಂಟೆ ರಸ್ತೆ ಬದಿಯಲ್ಲಿ ನಿಂತೆವು. ಆಮೇಲೆ ಅದೇ ಟೆಂಪೊದಲ್ಲಿ ಕಚೇರಿಗೆ ಹೋದೆವು. ಸಾಹೇಬರು ಮೀಟಿಂಗ್‌ನಲ್ಲಿದ್ದರು. ಎಲ್ಲರ ಆಧಾರ್ ಜೆರಾಕ್ಸ್ ತನ್ನಿ ಎಂದರು ಗುಮಾಸ್ತರು. ತಂದುಕೊಟ್ಟ ಮೇಲೆ ಪಂಚಾಯಿತಿ ಅಧ್ಯಕ್ಷರ ಸಹಿ ಬೇಕು ಎಂದರು. ಅದನ್ನು ಮೊದಲೇ ಹೇಳಬಾರದಿತ್ತಾ? ಮೂರು ಗಂಟೆಗೆ ಮಳೆ ಬಂತು. ಟೆಂಪೊ ಮೇಲಿದ್ದ ಬೀಜದ ಚೀಲಗಳೆಲ್ಲ ನೆನೆದುಹೋದವು. ಡಿಸೆಂಬರ್, ಜನವರಿಯಲ್ಲಿ ಬಿಸಿಲಲ್ಲಿ ಅಲೆದು ಕರಡ ಹುಲ್ಲಿನ ತೆನೆ ಒಂದೊಂದಾಗಿ ಕಿತ್ತು, ಒಣಗಿಸಿ ಇಟ್ಟ ಬೀಜ ಅದು. ನೆನೆದ ಬೀಜ ಚೀಲದಲ್ಲೇ ಬಿಸಿಯಾಗಿ ಮುಗ್ಗುತ್ತದೆ. ಅಂದಿನ ಕೂಲಿ ಹೋಯಿತು, ಬಾಡಿಗೆ ಹೋಯಿತು. ಮನೆಗೆ ಬಂದಾಗ ಕತ್ತಲಾಗಿತ್ತು.

"ಒಂದು ವಾರ ಬಿಟ್ಟು ಬನ್ನಿ, ಏನಾಗುತ್ತೆ?" ಎಂದು ಆ ಕಚೇರಿಯಲ್ಲಿ ಒಬ್ಬರು ಕೇಳಿದರು. ಏನಾಗುತ್ತದೆ ಎಂದು ಹೇಳುತ್ತೇನೆ. ಲಂಟಾನ ಒಂದು ಸಲ ಕಿತ್ತರೆ ಮುಗಿಯುವ ಕೆಲಸವಲ್ಲ. ಬುಡಕ್ಕಿಂತ ಮೂರು ಇಂಚು ಕೆಳಗೆ ಬೇರು ಕಡಿದು, ಪೊದೆಯನ್ನು ತಲೆಕೆಳಗಾಗಿ ಇಡಬೇಕು. ಇಲ್ಲದಿದ್ದರೆ ಬಿದ್ದಲ್ಲೇ ಬೇರು ಬಿಡುತ್ತದೆ. ಇಷ್ಟು ಮಾಡಿದರೂ ಮಣ್ಣಿನಲ್ಲಿ ಬೀಜ ಇದ್ದೇ ಇರುತ್ತದೆ. ಹಣ್ಣು ತಿಂದ ಪಿಕಳಾರ ಹಕ್ಕಿಗಳು ಮರದ ಮೇಲೆ ಕೂತು ಇನ್ನಷ್ಟು ಉದುರಿಸುತ್ತವೆ. ಆದ್ದರಿಂದ ಎರಡು ಮೂರು ವರ್ಷ, ಮಳೆ ಬಿದ್ದಾಗಲೆಲ್ಲ ಹೋಗಿ ಮರಗಳ ಬುಡದಲ್ಲಿ ಹುಡುಕಿ ಸಸಿ ಕೀಳಬೇಕು. ನೆಲ ಹಸಿ ಇದ್ದಾಗ ಗೇಣುದ್ದದ ಸಸಿ ಎರಡು ಬೆರಳಿಗೆ ಬರುತ್ತದೆ. ತಡ ಮಾಡಿದರೆ ಮುಳ್ಳು ಬಲಿತು ಗುದ್ದಲಿಯೇ ಬೇಕಾಗುತ್ತದೆ. ಕಿತ್ತ ಜಾಗದಲ್ಲಿ ಕೂಡಲೇ ಹುಲ್ಲು ಹಿಡಿಸದಿದ್ದರೆ ಪಾರ್ಥೇನಿಯಂ ಬಂದು ಕೂರುತ್ತದೆ. ನಾವು ಹೊರಟಿದ್ದು ಎರಡನೇ ವರ್ಷದ ಕೆಲಸಕ್ಕೆ. ಇದನ್ನು ತಪ್ಪಿಸಿದರೆ ಮೊದಲ ವರ್ಷದ ದುಡಿಮೆಯೆಲ್ಲ ಮಣ್ಣುಪಾಲು. ಇಷ್ಟು ಸಣ್ಣ ವಿಷಯ ಆ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲವೇ?

ನಮ್ಮನ್ನು ತಡೆದ ಗೇಟಿನಲ್ಲೇ, ನಮ್ಮ ಕಣ್ಣೆದುರಿಗೇ, ಜೆಸಿಬಿ ಒಳಗೆ ಹೋಯಿತು. ಅದು ಲಂಟಾನದ ಜೊತೆ ಮೇಲ್ಮಣ್ಣನ್ನೂ ಕೆರೆಯುತ್ತದೆ, ಹುಲ್ಲಿನ ಬೇರು, ನೆಲ್ಲಿ ಸಸಿ ಎಲ್ಲವನ್ನೂ. ಕದಡಿದ ಮಣ್ಣಿನಲ್ಲಿ ಲಂಟಾನ ಇನ್ನೂ ಜಾಸ್ತಿ ಹುಟ್ಟುತ್ತದೆ.

ಪೋಡಿನ ಹಿರಿಯರು ಇದನ್ನೆಲ್ಲ ಎಷ್ಟು ವರ್ಷಗಳಿಂದ ಹೇಳುತ್ತಿದ್ದಾರೆ! ಸೋಲಿಗರು ಬೇಸಿಗೆ ಏರುವ ಮೊದಲೇ ತರಗು ಬೆಂಕಿ, ಅಂದರೆ ನೆಲದ ಒಣ ಎಲೆ ಸುಡುವ ಸಣ್ಣ ಬೆಂಕಿ, ಹಾಕುತ್ತಿದ್ದರು. 1974ರಲ್ಲಿ ಬಿಳಿಗಿರಿರಂಗನಬೆಟ್ಟ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಹಬ್ಬಿದ್ದು, ನೆಲ್ಲಿ ಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಏರಿದ್ದು ಆಮೇಲೆಯೇ ಅನ್ನುತ್ತಾರೆ ಅವರು. ಅಲ್ಲಿ ಸಂಶೋಧಕರು ಅಳತೆ ಮಾಡಿದಾಗಲೂ, 1997ರಿಂದ 2008ರೊಳಗೆ ಲಂಟಾನ ಇರುವ ಜಾಗ ಎರಡರಷ್ಟಾಗಿತ್ತು. 2011ರಲ್ಲಿ ಆ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಕಾಡು, ಕಾಡುಪ್ರಾಣಿ ಕಾಯುವ ಅಧಿಕಾರ ಗ್ರಾಮಸಭೆಗೂ ಇದೆ ಎಂದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ಬರೆದಿದೆ. ಹಾಗಿರುವಾಗ ಕಳೆ ಕೀಳಲು ಹೋದವರನ್ನು ಕಳ್ಳರ ಹಾಗೆ ನಿಲ್ಲಿಸುವುದು ಯಾವ ನ್ಯಾಯ?

ನನ್ನ ಹೊಲ ಕಾಡಿಗೆ ಅಂಟಿಕೊಂಡೇ ಇದೆ. ಒಳಗೆ ಲಂಟಾನ ಮುಚ್ಚಿ ಮೇವಿಲ್ಲದೆ ಜಿಂಕೆ, ಕಾಟಿ, ಆನೆ ಎಲ್ಲ ಹೊರಗೆ ಬರುತ್ತಿವೆ. ನಾವು ಕಿತ್ತು ಹುಲ್ಲು ಹಿಡಿಸಿದ ಜಾಗದಲ್ಲಿ ಈ ಸಲ ಜಿಂಕೆ ಹಿಂಡು ಮೇಯುವುದನ್ನು ಕಣ್ಣಾರೆ ಕಂಡೆ. ಅದಕ್ಕೇ ಇಷ್ಟು ಹೊಟ್ಟೆಯುರಿ. ಹೋದ ವರ್ಷ ಆನೆ ತುಳಿದ ರಾಗಿಗೆ ಇನ್ನೂ ಪರಿಹಾರ ಬಂದಿಲ್ಲ. ಕೇಳಿದರೆ ಫೈಲು ಮೇಲೆ ಹೋಗಿದೆ ಅನ್ನುತ್ತಾರೆ. ಆನೆ ಕಂದಕ ಮುಚ್ಚಿ ಎರಡು ಮಳೆಗಾಲವಾಯಿತು. ಸೋಲಾರ್ ತಂತಿಯಲ್ಲಿ ಕರೆಂಟಿಲ್ಲ. ಬೆಂಕಿ ಕಾವಲಿಗೆ ಹೋದ ಪೋಡಿನ ಹುಡುಗರ ಕೂಲಿ ತಿಂಗಳುಗಟ್ಟಲೆ ಬಾಕಿ. ಹಳೇ ಸಾಹೇಬರಿಗೆ ವಿವರಿಸಿ ಹೇಳುವಷ್ಟರಲ್ಲಿ ವರ್ಗವಾಯಿತು, ಹೊಸಬರಿಗೆ ಮತ್ತೆ ಮೊದಲಿಂದ ಹೇಳಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಸಾವಿರಾರು ಎಕರೆ ಸುಟ್ಟಿದ್ದನ್ನು ಎಲ್ಲರೂ ನೋಡಿದ್ದೇವೆ. ಒಣಗಿದ ಲಂಟಾನ ಹೇಗೆ ಉರಿಯುತ್ತದೆ ಎಂದು ಯಾರಿಗೆ ಹೇಳಬೇಕು? ನಮ್ಮ ಕಾಡಿಗೆ ಬೆಂಕಿ ಬಿದ್ದ ರಾತ್ರಿ ಹನ್ನೊಂದು ಗಂಟೆಗೆ ಮನೆ ಬಾಗಿಲು ಬಡಿದು ಕರೆದರು. ಹಸಿ ಸೊಪ್ಪು ಹಿಡಿದು ಓಡಿದೆವು. ಅವತ್ತು ಯಾರೂ ಆಧಾರ್ ಕೇಳಲಿಲ್ಲ.

ಕೂಡಲೇ ನಮ್ಮನ್ನು ಒಳಗೆ ಬಿಡಬೇಕು, ವರ್ಷಪೂರ್ತಿಗೆ ಒಂದೇ ಕಾಗದ ಕೊಡಬೇಕು. ಕೊಡಲಾಗದಿದ್ದರೆ ಯಾಕೆ ಎಂದು ಬರೆದಾದರೂ ಕೊಡಲಿ. ಆ ಜೆಸಿಬಿಯನ್ನು ಮೊದಲು ಹೊರಗೆ ತೆಗೆಯಲಿ. ನೆನೆದ ಬೀಜಕ್ಕೆ ಯಾರು ಜವಾಬ್ದಾರಿ ಎಂದೂ ಹೇಳಲಿ. ಫೋಟೊಗೆ ನಿಂತವರು ಆ ಮರಗಳ ಬುಡಕ್ಕೆ ಒಂದು ಸಲ ಬಗ್ಗಿ ನೋಡಬೇಕಿತ್ತು. ಕಾಡು ನೋಡಿಕೊಳ್ಳುವುದಕ್ಕೆ ತಾನೇ ಅವರಿಗೆ ಸಂಬಳ?

– ಕಾಡಂಚಿನ ಒಬ್ಬ ರೈತ ಮಹಿಳೆ